ಶಿವಪುರದ ಪಟ್ಟು

ಮದ್ದೂರಿನ ಮಗ್ಗುಲಲ್ಲೇ ಇರುವ ಶಿವಪುರದಲ್ಲಿ, ಶಿಂಷಾ ನದಿಯ ದಡದಲ್ಲಿ, 1938ರ ಏಪ್ರಿಲ್ ಎರಡನೆಯ ವಾರ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಅಲ್ಲಿ ತ್ರಿವರ್ಣ ಧ್ವಜ ಏರಿಸಕೂಡದೆಂದು ಸಂಸ್ಥಾನದ ಸರ್ಕಾರ ನಿಷೇಧಾಜ್ಞೆ ಹೊರಡಿಸಿತ್ತು. ಏರಿಸಿಯೇ ತೀರುವುದೆಂದು ಸೇರಿದ ಜನ ಪಣ ತೊಟ್ಟಿದ್ದರು. ಈ ಪ್ರಸಂಗಕ್ಕೆ ಶಿವಪುರ ಧ್ವಜ ಸತ್ಯಾಗ್ರಹವೆಂಬ ಹೆಸರು ನಿಂತಿದೆ. ಎರಡು ಕಡೆಯವರೂ ಪಟ್ಟು ಹಿಡಿದಿದ್ದ ಪ್ರಸಂಗ ಇದು. ಒಂದು ಕಡೆಯ ಪಟ್ಟಿನ ಹಿಂದೆ ಪೊಲೀಸು, ಸೆರೆಮನೆ, ಕಾನೂನುಗಳಿದ್ದವು. ಇನ್ನೊಂದು ಕಡೆಯ ಪಟ್ಟಿನ ಹಿಂದೆ ಹಳ್ಳಿಗಳಿಂದ ಬಂದ ಜನರಲ್ಲದೆ ಬೇರೇನೂ ಇರಲಿಲ್ಲ. ಐದಾರು ವಾರ ಕಳೆಯುವುದರೊಳಗೆ ಸಡಿಲಗೊಂಡದ್ದು ಸರ್ಕಾರದ ಪಟ್ಟು.

ಅಂದು ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಮೈಸೂರು ಜಿಲ್ಲೆಗೆ ಸೇರಿದ್ದವು. ಬೆಂಗಳೂರು–ಮೈಸೂರು ಹೆದ್ದಾರಿಯೂ ರೈಲುದಾರಿಯೂ ಮದ್ದೂರು, ಮಂಡ್ಯಗಳನ್ನು ಹಾದುಹೋಗುತ್ತವೆ. ಮಳವಳ್ಳಿ ಆ ದಾರಿಯಿಂದ ತೆಂಕಣಕ್ಕೆ ಸರಿದ ಸೀಮೆ. ಮದ್ದೂರಿನ ಮೇಲೆ ಹರಿದ ಶಿಂಷೆ ಅಲ್ಲಿಗೆ ಹೋಗಿ ಕಾವೇರಿಯನ್ನು ಕೂಡುತ್ತದೆ. ಶಿವನಸಮುದ್ರವಿರುವುದೂ ಮಳವಳ್ಳಿ ತಾಲ್ಲೂಕಿನಲ್ಲೇ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸುತ್ತಲಿನ ಹಳ್ಳಿಗಳಿಗೆ ಆ ಬೆಳಕು ಬರಲು ದಶಕಗಳೇ ಬೇಕಾದವು. ಕೆರೆಯ ಹಿಂದಿನ ಗದ್ದೆ ಬಿಟ್ಟರೆ ಉಳಿದದ್ದೆಲ್ಲ ರಾಗಿ, ಹುರುಳಿಯ ಬೆದ್ದಲು. ನದಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಮಳೆಗಾಗಿ ಕಾಯುವ ಬದುಕು ಇಲ್ಲಿನವರದಾಗಿತ್ತು.

ಆ ಬದುಕು ಬದಲಾದದ್ದು ಕನ್ನಂಬಾಡಿಯಿಂದ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಮುಗಿಯುವ ಹೊತ್ತಿಗೆ, 1930ರ ದಶಕದ ಆರಂಭದಲ್ಲಿ, ಅದರ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ ಹುಲಿಕೆರೆಯ ಸುರಂಗ ದಾಟಿ ಮಂಡ್ಯದ ಬಯಲಿಗೆ ಇಳಿಯಿತು. ಇಂದು ಅದನ್ನು ವಿಶ್ವೇಶ್ವರಯ್ಯ ನಾಲೆ ಎನ್ನುತ್ತಾರೆ. ರೈತರ ಬಾಯಲ್ಲಿ ಅದು ವಿ.ಸಿ. ನಾಲೆ. 1,20,000 ಎಕರೆಗೆ ನೀರುಣಿಸುವುದು ಯೋಜನೆಯ ಗುರಿ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ನಿಂತವರು ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್. ಕಬ್ಬು ಬಂತು, ಕಬ್ಬಿನೊಂದಿಗೆ ನಗದು ಬಂತು.

ನೀರಿನ ಜೊತೆಗೇ ಸರ್ಕಾರದ ಲೆಕ್ಕವೂ ಹೊಲಕ್ಕೆ ಬಂತು. ನಾಲೆಯಿಂದ ಜಮೀನಿನ ಬೆಲೆ ಏರುವುದೆಂಬ ಕಾರಣ ಕೊಟ್ಟು ಎಕರೆಗಿಷ್ಟು ವಂತಿಗೆ ಕೇಳಿದರು. ನೀರಿನ ಕಂದಾಯ ಬೇರೆ. ಯಾವ ಹೊಲದಲ್ಲಿ ಯಾವ ವರ್ಷ ಏನು ಬೆಳೆಯಬೇಕೆಂಬುದನ್ನೂ ಬ್ಲಾಕ್ ಪದ್ಧತಿ ಗೊತ್ತುಮಾಡಿತು. ಅದರಂತೆ ಜಮೀನಿನ ಒಂದು ಪಾಲಿಗೆ ಕಬ್ಬು, ಒಂದಕ್ಕೆ ಭತ್ತ, ಮತ್ತೊಂದಕ್ಕೆ ಕಡಿಮೆ ನೀರಿನ ಬೆಳೆ. ಮೂರು ವರ್ಷಕ್ಕೊಂದು ಸರದಿ. ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವ ದೃಷ್ಟಿಯಿಂದ ಆ ಪದ್ಧತಿ ವಿವೇಕದ್ದೇ. ಆದರೆ ಜಗತ್ತಿನ ಆರ್ಥಿಕ ಕುಸಿತದಿಂದ ದವಸದ ಬೆಲೆ ನೆಲಕಚ್ಚಿದ್ದ ಕಾಲದಲ್ಲಿ ಹೊಸ ವಂತಿಗೆಯ ಹೊರೆ ರೈತರ ಬೆನ್ನು ಮುರಿಯುವಂತಿತ್ತು. ಎಚ್.ಕೆ. ವೀರಣ್ಣಗೌಡರು ಈ ರೈತರನ್ನು ಸಂಘಟಿಸಿದರು. ಅವರು ‘ಚಿತ್ರಗುಪ್ತ’ ವಾರಪತ್ರಿಕೆಯ ಸಂಪಾದಕರೂ ಹೌದು. ಸಂಸ್ಥಾನದ ಸರ್ಕಾರದ ಮುಂದೆ ಹಳ್ಳಿಯ ಒಕ್ಕಲು ಗುಂಪಾಗಿ ನಿಂತು ನ್ಯಾಯ ಕೇಳಿದ ಮೊದಮೊದಲ ಸಂದರ್ಭಗಳಲ್ಲಿ ಇರ್ವಿನ್ ನಾಲೆಯ ಚಳವಳಿ ಒಂದು. ಅಮಲ್ದಾರರ ಮುಂದೆ ಅರ್ಜಿ ಹಿಡಿದು ಒಬ್ಬೊಬ್ಬರಾಗಿ ನಿಲ್ಲುತ್ತಿದ್ದವರು ಒಟ್ಟಾಗಿ ನಿಲ್ಲುವುದನ್ನು ಅಲ್ಲಿ ಕಲಿತರು. ಶಿವಪುರದ ಜನಬಲದ ಬೇರು ಹುಡುಕುವವರು ಈ ನಾಲೆಯ ಏರಿಯ ಮೇಲೆ ಹುಡುಕಬೇಕು.

ಸಂಸ್ಥಾನದ ರಾಜಕೀಯವೂ ಆಗ ಮಗ್ಗುಲು ಬದಲಿಸುತ್ತಿತ್ತು. 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಿಂದ ಶಾಸನ ಪರಿಷತ್ತೂ ಇತ್ತು. ಪ್ರಶ್ನೆ ಕೇಳಲು, ಅಹವಾಲು ಹೇಳಲು ಅಲ್ಲಿ ಅವಕಾಶವಿತ್ತು. ದಿವಾನರನ್ನು ಕೆಳಗಿಳಿಸುವ ಅಧಿಕಾರ ಯಾವ ಸಭೆಗೂ ಇರಲಿಲ್ಲ. ಬ್ರಾಹ್ಮಣೇತರರ ಪ್ರಾತಿನಿಧ್ಯಕ್ಕಾಗಿ 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ, ಅನಂತರ ಬಂದ ಪ್ರಜಾಪಕ್ಷ ಇವೆರಡೂ 1934ರಲ್ಲಿ ಪ್ರಜಾ ಸಂಯುಕ್ತ ಪಕ್ಷವಾಗಿ ಒಂದಾದವು. 1937ರಲ್ಲಿ ಆ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. ಈ ಸೇರ್ಪಡೆಯ ಮಹತ್ವ ದೊಡ್ಡದು. ಅಲ್ಲಿಯವರೆಗೆ ಮೈಸೂರಿನ ಕಾಂಗ್ರೆಸ್ಸೆಂದರೆ ಬಹುಮಟ್ಟಿಗೆ ಪೇಟೆಯ ವಕೀಲರು, ವಿದ್ಯಾರ್ಥಿಗಳು, ಖಾದಿ ಕಾರ್ಯಕರ್ತರು. ಕೆ.ಸಿ. ರೆಡ್ಡಿ, ಎಚ್.ಸಿ. ದಾಸಪ್ಪನವರಂಥ ಮುಖಂಡರು ಬಂದಮೇಲೆ ಅವರ ಹಿಂದೆ ಹಳ್ಳಿಗಳು ಬಂದವು. ಮೊದಲ ಅಧಿವೇಶನವನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡದೆ ಮದ್ದೂರಿನ ಬಳಿಯ ಒಂದು ಹಳ್ಳಿಯಲ್ಲಿ ಮಾಡಿದ್ದು ಈ ಬದಲಾವಣೆಗೆ ತಕ್ಕ ತೀರ್ಮಾನ. ಎರಡು ದೊಡ್ಡ ಊರುಗಳ ನಡುವೆ, ರೈಲಿನ ದಾರಿಯಲ್ಲಿ, ನಾಲೆಯ ಚಳವಳಿಯಲ್ಲಿ ಪಳಗಿದ ಒಕ್ಕಲು ಇರುವ ಸೀಮೆ ಅದು.

ಧ್ವಜದ ಮೇಲೆ ಇಷ್ಟು ಜಗಳವೇಕಾಯಿತು ಎಂಬುದನ್ನು ಎರಡೂ ಕಡೆಯಿಂದ ನೋಡಬೇಕು. 1926ರಿಂದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಸಮರ್ಥ ಆಡಳಿತಗಾರರು. ಕೈಗಾರಿಕೆ, ನಗರ ನಿರ್ಮಾಣ, ಹಳ್ಳಿಗಳ ವಿದ್ಯುದೀಕರಣ ಎಲ್ಲದರಲ್ಲೂ ಅವರ ಹೆಸರಿದೆ. ಮೈಸೂರು ಮಾದರಿ ಸಂಸ್ಥಾನವೆಂದು ದೇಶವೇ ಹೇಳುತ್ತಿತ್ತು. ಮೈಸೂರಿಗೆ ತನ್ನದೇ ಮಹಾರಾಜರಿದ್ದಾರೆ, ತನ್ನದೇ ಗಂಡಭೇರುಂಡದ ಲಾಂಛನವಿದೆ, ಬ್ರಿಟಿಷ್ ಇಂಡಿಯಾದ ಒಂದು ಪಕ್ಷದ ಬಾವುಟವನ್ನು ರಾಷ್ಟ್ರಧ್ವಜವೆಂದು ಇಲ್ಲಿ ಹಾರಿಸುವುದು ರಾಜನಿಷ್ಠೆಗೆ ಕುಂದು ಎಂಬುದು ಸರ್ಕಾರದ ವಾದ. ಕಾಂಗ್ರೆಸ್ಸಿನವರ ಉತ್ತರ ಬೇರೆ. 1931ರಲ್ಲಿ ಅಂಗೀಕಾರವಾದ ಕೇಸರಿ, ಬಿಳಿ, ಹಸಿರಿನ ಚರಕದ ಧ್ವಜ ಇಡೀ ಭಾರತದ್ದು, ಮೈಸೂರು ಭಾರತದಿಂದ ಹೊರಗಿಲ್ಲ, ಈ ಧ್ವಜ ಏರಿಸಿದರೆ ಮಹಾರಾಜರಿಗೆ ಅಗೌರವವಾಗುವುದಿಲ್ಲ. ಎರಡು ವಾದಗಳ ನಡುವೆ ಸಂಧಾನಕ್ಕೆ ಎಡೆಯಿದ್ದೇ ಇತ್ತು. ಆದರೆ 1937ರ ಅಕ್ಟೋಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಮುಖಂಡ ಕೆ.ಎಫ್. ನಾರಿಮನ್ ಬೆಂಗಳೂರಿಗೆ ಬಂದಾಗ ಅವರನ್ನು ಬಂಧಿಸಿ, ಅದರ ಬೆನ್ನಿಗೆ ಊರಿನಲ್ಲಿ ಗಲಭೆಗಳಾದ ಮೇಲೆ ಎರಡು ಕಡೆಯ ಮನಸ್ಸೂ ಗಡುಸಾಗಿತ್ತು. ಸರ್ಕಾರ ಬಟ್ಟೆಯ ಒಂದು ತುಂಡನ್ನು ತನ್ನ ಅಧಿಕಾರದ ಅಳತೆಗೋಲು ಮಾಡಿಕೊಂಡಿತು. ಅಂಥ ಅಳತೆಗೋಲು ಹಿಡಿದ ಆಳ್ವಿಕೆಗೆ ಹಿಂದೆ ಸರಿಯುವುದು ಕಷ್ಟ.

ಧ್ವಜಕ್ಕಾಗಿ ಸತ್ಯಾಗ್ರಹ ಮಾಡಿದ್ದು ಅದೇ ಮೊದಲಲ್ಲ. 1923ರಲ್ಲಿ ನಾಗಪುರದಲ್ಲಿ ಧ್ವಜದೊಂದಿಗೆ ಮೆರವಣಿಗೆ ಹೋಗುವ ಹಕ್ಕಿಗಾಗಿ ಮೇ ತಿಂಗಳಿಂದ ಆಗಸ್ಟಿನವರೆಗೆ ತಂಡತಂಡವಾಗಿ ಜನ ಸೆರೆಮನೆಗೆ ಹೋದರು. ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ತಮ್ಮ ಸ್ವಯಂಸೇವಕರೊಂದಿಗೆ ಅಲ್ಲಿಗೆ ಹೋಗಿ ಸೆರೆಯಾದರು. ಶಿಸ್ತಿನ ಸ್ವಯಂಸೇವಕ ಪಡೆ ಬೇಕೆಂಬ ಅರಿವಿನಿಂದ ಅದೇ ವರ್ಷ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ನಾಗಪುರದ ಹೋರಾಟವನ್ನು ಮಾತುಕತೆಯಿಂದ ಮುಗಿಸಿದವರಲ್ಲಿ ಮುಖ್ಯರು ವಲ್ಲಭಭಾಯಿ ಪಟೇಲರು. ಹದಿನೈದು ವರ್ಷಗಳ ಮೇಲೆ ಮೈಸೂರಿನ ಧ್ವಜದ ಜಗಳ ಬಿಡಿಸಲು ಬಂದವರೂ ಅವರೇ.

ಶಿವಪುರದವರಿಗೆ ಇನ್ನೊಂದು ಕಷ್ಟವಿತ್ತು; ಇದನ್ನು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ. ಅಖಿಲ ಭಾರತ ಕಾಂಗ್ರೆಸ್ಸಿನ ಪೂರ್ಣ ಬೆಂಬಲ ಅವರ ಬೆನ್ನಿಗಿರಲಿಲ್ಲ. ಮೈಸೂರು ಸರ್ಕಾರದ ದಬ್ಬಾಳಿಕೆಯನ್ನು ಖಂಡಿಸಿ 1937ರಲ್ಲಿ ಕಲ್ಕತ್ತೆಯ ಸಭೆಯಲ್ಲಿ ಎ.ಐ.ಸಿ.ಸಿ. ನಿರ್ಣಯ ಮಾಡಿದಾಗ ಗಾಂಧೀಜಿಯವರೇ ಅದನ್ನು ಒಪ್ಪದೆ ‘ಹರಿಜನ’ದಲ್ಲಿ ಟೀಕಿಸಿದರು. ಸಂಸ್ಥಾನಗಳ ಒಳಗಿನ ಹೋರಾಟಕ್ಕೆ ಕಾಂಗ್ರೆಸ್ ಕೈಹಾಕಬಾರದೆಂಬುದು ಅವರ ಆಗಿನ ನಿಲುವು. 1938ರ ಫೆಬ್ರವರಿಯಲ್ಲಿ ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯ ಹರಿಪುರ ಅಧಿವೇಶನವೂ ಸಂಸ್ಥಾನದ ಜನ ತಮ್ಮ ಸ್ವಂತ ಬಲದ ಮೇಲೆ ಹೋರಾಡಬೇಕೆಂದೇ ತೀರ್ಮಾನಿಸಿತು. ಹರಿಪುರ ಮುಗಿದು ಎರಡು ತಿಂಗಳೂ ತುಂಬುವ ಮೊದಲೇ ಶಿವಪುರ ನಡೆಯಿತು. ಹೊರಗಿನ ನೆರವಿನ ಭರವಸೆಯಿಲ್ಲದೆ ನಿಂತ ಈ ನಿಲುವನ್ನು ಗಟ್ಟಿತನವೆಂದು ಕರೆಯಲು ಯಾವ ಸಂಕೋಚವೂ ಬೇಕಿಲ್ಲ.

ಅಧಿವೇಶನದ ಅಧ್ಯಕ್ಷರು ದೊಡ್ಡಬಳ್ಳಾಪುರದ ವಕೀಲ ಟಿ. ಸಿದ್ಧಲಿಂಗಯ್ಯನವರು. ವೀರಣ್ಣಗೌಡ, ಇಂಡುವಾಳು ಹೊನ್ನಯ್ಯ, ಎಂ.ಎನ್. ಜೋಯಿಸ್, ಪಾಲಹಳ್ಳಿಯ ಸಾಹುಕಾರ್ ಚೆನ್ನಯ್ಯ, ಎಚ್.ಸಿ. ದಾಸಪ್ಪ, ತಗಡೂರು ರಾಮಚಂದ್ರರಾಯರು ಈ ಹೋರಾಟದ ನೆನಪಿನೊಂದಿಗೆ ಬೆರೆತ ಹೆಸರುಗಳು. ಏಪ್ರಿಲ್ ಎಂದರೆ ಈ ಸೀಮೆಯಲ್ಲಿ ಕಡುಬೇಸಗೆ. ಶಿಂಷೆಯಲ್ಲಿ ನೀರು ಇಳಿದು ಮರಳು ಮೇಲೆದ್ದಿರುತ್ತದೆ. ಹೊಲದ ಕೆಲಸ ಕಡಿಮೆ. ಜಾತ್ರೆ, ಹಬ್ಬಗಳಿಗೆ ಜನ ಊರಿಂದೂರಿಗೆ ಹೋಗುವ ಕಾಲ. ಸುತ್ತಲ ಹಳ್ಳಿಗಳಿಂದಲೂ ದೂರದ ಜಿಲ್ಲೆಗಳಿಂದಲೂ ಸಹಸ್ರಾರು ಜನ ಬಂದು ಸೇರಿದರು. ಅಂಥ ಜನಸ್ತೋಮವನ್ನು ರಾಜಕೀಯ ಸಭೆಯೊಂದರಲ್ಲಿ ಈ ಸೀಮೆ ಅಲ್ಲಿಯವರೆಗೆ ಕಂಡಿರಲಿಲ್ಲ.

ನಿಷೇಧಾಜ್ಞೆ ಇರುವುದು ಎಲ್ಲರಿಗೂ ಗೊತ್ತಿತ್ತು; ಅದನ್ನು ಮೀರುವುದನ್ನು ಯಾರೂ ಗುಟ್ಟಾಗಿಡಲಿಲ್ಲ. ರಾತ್ರೋರಾತ್ರಿ ಒಂದು ಕಂಬಕ್ಕೆ ಬಾವುಟ ಕಟ್ಟಿ ಓಡಿಹೋಗಿದ್ದರೆ ಧ್ವಜವೇನೋ ಹಾರುತ್ತಿತ್ತು, ಸತ್ಯಾಗ್ರಹವಾಗುತ್ತಿರಲಿಲ್ಲ. ಹಗಲಿನಲ್ಲಿ, ಅಧಿಕಾರಿಗಳ ಕಣ್ಣೆದುರು, ಹೆಸರು ಹೇಳಿಕೊಂಡು ಮುಂದೆ ಬಂದು, ಶಿಕ್ಷೆಯನ್ನು ತಾವಾಗಿ ಒಪ್ಪಿಕೊಳ್ಳುವುದು ಅದರ ಕ್ರಮ. ಅಧ್ಯಕ್ಷರೂ ಪ್ರಮುಖರೂ ಬಂಧಿತರಾದರು. ಒಬ್ಬರನ್ನು ಹಿಡಿದೊಯ್ದರೆ ಇನ್ನೊಬ್ಬರು ಧ್ವಜದ ಬಳಿಗೆ ಬಂದರು. ಸೇರಿದ ಜನ ಕಲ್ಲೆತ್ತಲಿಲ್ಲ, ಪೊಲೀಸರ ಮೇಲೆ ಬೀಳಲಿಲ್ಲ, ಚದುರಿಯೂ ಹೋಗಲಿಲ್ಲ. ನಿಷೇಧದ ನಡುವೆಯೇ ಶಿವಪುರದಲ್ಲಿ ತ್ರಿವರ್ಣ ಧ್ವಜ ಏರಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಸಂಗತಿ ಆ ಜನರ ಶಿಸ್ತು. ಹಟ ಹಿಡಿದ ಸಾವಿರಾರು ಜನ ಒಂದೆಡೆ ಸೇರಿದಾಗ ರೇಗುವುದಕ್ಕೆ ಒಂದು ಮಾತು ಸಾಕು. ಶಿವಪುರದಲ್ಲಿ ಹಾಗಾಗಲಿಲ್ಲವೆಂದರೆ ಅದರ ಹಿಂದೆ ಹಲವು ವರ್ಷಗಳ ತಯಾರಿ ಇತ್ತು. ನಂಜನಗೂಡು ತಾಲ್ಲೂಕಿನ ತಗಡೂರು, ಬದನವಾಳುಗಳಲ್ಲಿ 1920ರ ದಶಕದಿಂದಲೇ ಖಾದಿಯ ಕೆಲಸ ನಡೆದಿತ್ತು. 1934ರ ಜನವರಿಯಲ್ಲಿ ಹರಿಜನ ಪ್ರವಾಸ ಕೈಗೊಂಡ ಗಾಂಧೀಜಿ ಮೈಸೂರಿನಿಂದ ಮಂಡ್ಯ, ಮದ್ದೂರು ಮಾರ್ಗವಾಗಿಯೇ ಬೆಂಗಳೂರಿಗೆ ಸಾಗಿದರು. ಈ ಸೀಮೆಯ ಜನ ಅವರನ್ನು ಕಣ್ಣಾರೆ ಕಂಡಿದ್ದರು. ಖಾದಿ, ಅಸ್ಪೃಶ್ಯತಾ ನಿವಾರಣೆ, ಮದ್ಯಪಾನ ವಿರೋಧದ ಕೆಲಸಗಳಲ್ಲಿ ಪಳಗಿದ ಕಾರ್ಯಕರ್ತರು ಹಳ್ಳಿಹಳ್ಳಿಯಲ್ಲಿದ್ದರು. ನಾಲೆಯ ಚಳವಳಿ ಜನರಿಗೆ ಒಗ್ಗಟ್ಟು ಕಲಿಸಿದ್ದರೆ ಈ ಕೆಲಸಗಳು ತಾಳ್ಮೆ ಕಲಿಸಿದ್ದವು. ಇವೆರಡರಲ್ಲಿ ಒಂದಿಲ್ಲದಿದ್ದರೂ ಶಿವಪುರ ಬೇರೆ ರೀತಿ ಮುಗಿಯುತ್ತಿತ್ತು.

ಬೇರೆ ರೀತಿ ಮುಗಿಯುವುದೆಂದರೇನೆಂದು ನಾಡಿಗೆ ಎರಡೇ ವಾರದಲ್ಲಿ ತಿಳಿಯಿತು. ಶಿವಪುರದ ಸುದ್ದಿ ಹಬ್ಬಿ ಸಂಸ್ಥಾನದ ಊರೂರಲ್ಲಿ ಧ್ವಜ ಸತ್ಯಾಗ್ರಹ ಆರಂಭವಾಗಿತ್ತು. 1938ರ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂಬುದು ಸರ್ಕಾರದ ಲೆಕ್ಕ. ಜನರ ಲೆಕ್ಕ 30ನ್ನು ದಾಟಿತು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಆ ಊರಿಗೆ ಅಂದಿನಿಂದ ಅಂಟಿಕೊಂಡಿತು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ತನಿಖಾ ಸಮಿತಿ ನೇಮಿಸಿತು. ಒಂದು ಬಾವುಟವನ್ನು ತಡೆಯಲು ಹೊರಟ ಆಜ್ಞೆ ಕೊನೆಗೆ ಹೆಣಗಳ ಲೆಕ್ಕಕ್ಕೆ ಬಂದು ನಿಂತಿತು. ಮಾದರಿ ಸಂಸ್ಥಾನದ ಹೆಸರಿಗೆ ಅಷ್ಟು ದೊಡ್ಡ ಕಳಂಕ ಹಿಂದೆ ತಗಲಿರಲಿಲ್ಲ.

ಇದರ ಬೆನ್ನಲ್ಲೇ ಕಾಂಗ್ರೆಸ್ ಕಾರ್ಯಸಮಿತಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳಿಸಿತು. ಅವರೂ ದಿವಾನರೂ ನಡೆಸಿದ ಮಾತುಕತೆಯಿಂದ ಮೇ ತಿಂಗಳಲ್ಲಿ ಮೂಡಿದ ಒಪ್ಪಂದವನ್ನು ಮಿರ್ಜಾ–ಪಟೇಲ್ ಒಪ್ಪಂದ ಎನ್ನುತ್ತಾರೆ. ಸರ್ಕಾರ ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಕೊಟ್ಟಿತು, ಸೆರೆಯಲ್ಲಿದ್ದ ಸತ್ಯಾಗ್ರಹಿಗಳನ್ನು ಬಿಟ್ಟಿತು. ಕೆ.ಆರ್. ಶ್ರೀನಿವಾಸ ಅಯ್ಯಂಗಾರರ ಅಧ್ಯಕ್ಷತೆಯ ಸುಧಾರಣಾ ಸಮಿತಿಯಲ್ಲಿ ಕಾಂಗ್ರೆಸ್ಸಿಗೆ ಸ್ಥಾನ ಸಿಕ್ಕಿತು. ಸಮಾರಂಭಗಳಲ್ಲಿ ಮೈಸೂರಿನ ಧ್ವಜದ ಜೊತೆಗೆ ತ್ರಿವರ್ಣ ಧ್ವಜವನ್ನೂ ಏರಿಸಬಹುದೆಂದು ತೀರ್ಮಾನವಾಯಿತು. ಜೀವಗಳು ಹೋದ ಮೇಲೆ ಒಪ್ಪಿಕೊಂಡ ಈ ಮಾತನ್ನು ಮಾರ್ಚ್ ತಿಂಗಳಲ್ಲಿ ಒಪ್ಪಿಕೊಳ್ಳಲು ಸರ್ಕಾರಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಮಿರ್ಜಾ ಅವರ ಹದಿನೈದು ವರ್ಷಗಳ ಆಡಳಿತದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಕಾಣುವುದಿಲ್ಲ.

ಸತ್ಯಾಗ್ರಹಿಗಳ ಕಡೆಯ ನಿಲುವನ್ನೂ ತೂಗಿ ನೋಡಬೇಕು. ತ್ರಿವರ್ಣ ಧ್ವಜ ಏರಲೇಬೇಕು ಎಂಬುದರಲ್ಲಿ ಅವರು ಒಂದಿಷ್ಟೂ ಜಗ್ಗಲಿಲ್ಲ. ಅದರ ಪಕ್ಕದಲ್ಲಿ ಗಂಡಭೇರುಂಡದ ಧ್ವಜ ಹಾರುವುದಕ್ಕೆ ಅವರ ತಕರಾರೂ ಇರಲಿಲ್ಲ. ಬಿಡಲಾಗದ್ದು ಯಾವುದು, ಬಿಡಬಹುದಾದದ್ದು ಯಾವುದು ಎಂಬ ತಿಳಿವು ಆ ಛಲದೊಳಗೇ ಇತ್ತು. ಸರ್ಕಾರದ ಹಟದಲ್ಲಿ ಇಲ್ಲದೆ ಹೋದದ್ದು ಈ ತಿಳಿವು. ಹೀಗಿದ್ದರೂ ಒಪ್ಪಂದ ಎಲ್ಲರಿಗೂ ಹಿಡಿಸಲಿಲ್ಲ. ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಜವಾಬ್ದಾರಿ ಸರ್ಕಾರ ಬೇಕೆಂಬ ಕಾಂಗ್ರೆಸ್ಸಿನ ಬೇಡಿಕೆಗೆ ಅದರಲ್ಲಿ ಖಚಿತ ಉತ್ತರವಿರಲಿಲ್ಲ. ಧ್ವಜ ಸಿಕ್ಕಿತು, ಅಧಿಕಾರ ಸಿಗಲಿಲ್ಲ ಎಂಬ ಅಸಮಾಧಾನ ಉಳಿಯಿತು. 1939ರ ಸೆಪ್ಟೆಂಬರಿನಲ್ಲಿ ಸತ್ಯಾಗ್ರಹ ಮತ್ತೆ ಆರಂಭವಾಯಿತು. ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿದು ನಡೆಸಿದ ಅರಣ್ಯ ಸತ್ಯಾಗ್ರಹ ಆ ಸುತ್ತಿನದು.

ಈ ನಡುವೆ 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮದ್ದೂರು, ಮಳವಳ್ಳಿಗಳು ಅದರ ತಾಲ್ಲೂಕುಗಳಾದವು. ನಾಲೆಯಿಂದ ಹೆಚ್ಚಿದ ವ್ಯವಸಾಯ, ಸಕ್ಕರೆ ಕಾರ್ಖಾನೆಯಿಂದ ಬೆಳೆದ ಪೇಟೆ ಇದಕ್ಕೆ ಕಾರಣ. 1942ರ ಚಳವಳಿ ಸಂಸ್ಥಾನದಲ್ಲೂ ಜೋರಾಗಿ ನಡೆಯಿತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜನರ ಸರ್ಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಹೂಡಬೇಕಾಯಿತು. ಅಕ್ಟೋಬರ್ 12ರಂದು ಮಹಾರಾಜ ಜಯಚಾಮರಾಜ ಒಡೆಯರ ಸರ್ಕಾರ ಒಪ್ಪಂದಕ್ಕೆ ಬಂತು. ಅದೇ ತಿಂಗಳು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಶಿವಪುರದ ಹೋರಾಟದಲ್ಲಿದ್ದ ದಾಸಪ್ಪನವರು ಅದರಲ್ಲಿ ಮಂತ್ರಿಗಳು. ಅವರ ಪತ್ನಿ ಯಶೋಧರಮ್ಮ ದಾಸಪ್ಪನವರೂ ಸ್ವಾತಂತ್ರ್ಯ ಹೋರಾಟಗಾರರೇ. ಮುಂದೆ ರಾಜ್ಯದ ಮಂತ್ರಿಯಾಗಿದ್ದಾಗ, ಪಾನನಿರೋಧವನ್ನು ಕೈಬಿಡುವ ಸರ್ಕಾರದ ತೀರ್ಮಾನವನ್ನು ಒಪ್ಪದೆ ಅವರು ಪದವಿಯನ್ನೇ ಬಿಟ್ಟರು. ಕುರ್ಚಿಗಿಂತ ಮಾತು ದೊಡ್ಡದೆಂದು ನಡೆದುಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಮೇಲಿನ ಸಾಲಿನಲ್ಲಿರಬೇಕು. 1972ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಮಂಡ್ಯ ಸೀಮೆಯ ಪಟ್ಟು ಮುಂದೆ ಧ್ವಜದಿಂದ ನೀರಿನ ಕಡೆಗೆ ಹೊರಳಿತು. 1924ರ ಕಾವೇರಿ ಒಪ್ಪಂದದ 50 ವರ್ಷದ ಅವಧಿ 1974ಕ್ಕೆ ತುಂಬಿದ ಮೇಲೆ ಕರ್ನಾಟಕ, ತಮಿಳುನಾಡುಗಳ ವಿವಾದ ಮತ್ತೆ ಬೆಳೆಯಿತು. 1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗ ಕಬ್ಬು, ಭತ್ತದ ಗದ್ದೆಗಳ ಜನ ರಸ್ತೆಗಿಳಿದರು. ನಾಲೆಯ ಕೊನೆಯ ಭಾಗವಾದ ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೆ ನೀರು ತುಂಬಿದ ವರ್ಷಗಳಲ್ಲೇ ಸರಿಯಾಗಿ ತಲುಪುವುದಿಲ್ಲ. ಕೊರತೆಯ ವರ್ಷಗಳಲ್ಲಿ ಅವರ ಪಾಡು ಹೇಳುವಂತಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಕ್ಷೇತ್ರವನ್ನು ದೀರ್ಘಕಾಲ ಪ್ರತಿನಿಧಿಸಿ, ಆಮೇಲೆ ಮಂಡ್ಯದ ಸಂಸದರಾದ ಜಿ. ಮಾದೇಗೌಡರು ಕಾವೇರಿ ಹಿತರಕ್ಷಣಾ ಸಮಿತಿಯ ನೇತೃತ್ವ ವಹಿಸಿ, 2021ರಲ್ಲಿ ತೀರಿಕೊಳ್ಳುವವರೆಗೂ ಈ ಹೋರಾಟದ ಹಿರಿಯರಾಗಿದ್ದರು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚಿಸಿತು. ನೀರಿನ ಹೋರಾಟದಲ್ಲಿ ಶಿವಪುರದ ಶಿಸ್ತು ಎಲ್ಲ ಕಾಲದಲ್ಲೂ ಉಳಿದಿತ್ತೆಂದು ಹೇಳಲಾಗದು. 1991ರ ಡಿಸೆಂಬರಿನಲ್ಲಿ ರಾಜ್ಯದ ಕೆಲವೆಡೆ ತಮಿಳರ ಮೇಲೆ ನಡೆದ ಹಿಂಸೆ ಯಾವ ನ್ಯಾಯವಾದ ಬೇಡಿಕೆಯಿಂದಲೂ ಸಮರ್ಥನೆಯಾಗದ ಸಂಗತಿ.

ಶಿವಪುರದಲ್ಲಿ ಇಂದು ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಹೊಸ ದಶಪಥ ರಸ್ತೆ ಮದ್ದೂರನ್ನು ಬಳಸಿ ಹೋಗುವುದರಿಂದ ದಾರಿಹೋಕರ ಕಣ್ಣಿಗೆ ಅದು ಮೊದಲಿನಷ್ಟು ಬೀಳುವುದಿಲ್ಲ. ಜಿಲ್ಲೆಯ ಶಾಲೆಗಳು ವರ್ಷಕ್ಕೊಮ್ಮೆ, ಏಪ್ರಿಲ್‌ಗೆ ರಜೆ ಬೀಳುವ ಮುಂಚೆ, ಮಕ್ಕಳನ್ನು ಅಲ್ಲಿಗೆ ಕರೆತಂದು ಈ ಚರಿತ್ರೆಯನ್ನು ಹೇಳಬೇಕು.